ಅಡಿಕೆ ತೋಟದ ಮನೆಗೆ ರಾಟ್‌ವೀಲರ್ ಮರಿ: ಕಟ್ಟಿ ಸಾಕಬೇಕೆ, ಬಿಟ್ಟು ಸಾಕಬೇಕೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ, ಒಂಟಿ ಮನೆ. ಒಣಹಾಕಿದ ಅಡಿಕೆ ಎರಡು ಸಲ ಕಳುವಾದ್ದರಿಂದ 9 ವಾರದ ಗಂಡು ರಾಟ್‌ವೀಲರ್ ಮರಿ ತಂದಿದ್ದೇವೆ. ಮನೆಯಲ್ಲಿ 78 ವರ್ಷದ ಅಮ್ಮ, 5 ವರ್ಷದ ಮಗಳು ಇದ್ದಾರೆ. ಹಗಲೆಲ್ಲ ಕಟ್ಟಿ ರಾತ್ರಿ ಬಿಟ್ಟರೆ ಜೋರಾಗುತ್ತದೆ, ಹೊರಗಿನವರನ್ನು ಹತ್ತಿರ ಬಿಡಬೇಡಿ ಎಂದು ನೆಂಟರು ಹೇಳುತ್ತಾರೆ. ಮರಿ ಕೊಟ್ಟವರು ದಿನಾ ಕ್ಯಾಲ್ಸಿಯಂ ಟಾನಿಕ್ ಕೊಡಿ, ಬಾಲ ಕತ್ತರಿಸಿ ಎಂದಿದ್ದಾರೆ. ಈ ತಳಿಗೆ ನಿಷೇಧ ಇದೆ ಎಂದೂ ಕೇಳಿದೆವು. ಹೇಗೆ ಸಾಕಬೇಕು?

ಉತ್ತರ: ಮೊದಲು ಕಟ್ಟುವ ವಿಚಾರ. ಹಗಲೆಲ್ಲ ಕಟ್ಟಿದ ನಾಯಿ ಜೋರಾಗುವುದು ನಿಜ. ಆದರೆ ಆ ಜೋರು ಕಳ್ಳನಿಗೊಂದು, ಅಡಿಕೆ ಕೊಯ್ಯಲು ಬರುವ ನಿಮ್ಮ ಕೊನೆಗಾರನಿಗೊಂದು ಅಂತ ಇರುವುದಿಲ್ಲ. ಸರಪಳಿಯಲ್ಲಿರುವ ಮರಿಗೆ ಯಾರನ್ನಾದರೂ ಕಂಡು ಹೆದರಿಕೆಯಾದರೆ ಹಿಂದೆ ಸರಿಯಲು ಜಾಗವಿಲ್ಲ. ಉಳಿಯುವುದು ಮುಂದೆ ನುಗ್ಗುವುದೊಂದೇ. ನುಗ್ಗಿದ ಕೂಡಲೇ ಬಂದವರು ಹಿಂದೆ ಹೋಗುತ್ತಾರೆ, ‘ಹೀಗೆ ಮಾಡಿದರೆ ಕೆಲಸ ಆಗುತ್ತದೆ’ ಅನ್ನುವುದು ಮರಿಯ ತಲೆಯಲ್ಲಿ ಕೂರುತ್ತದೆ. ದಿನಕ್ಕೆ ನಾಲ್ಕೈದು ಸಲ ಈ ಪಾಠವಾದರೆ ಒಂದೂವರೆ ವರ್ಷದಲ್ಲಿ ಕಂಡವರ ಮೇಲೆಲ್ಲ ಎರಗುವ 45–50 ಕೆ.ಜಿ.ಯ ನಾಯಿ ನಿಮ್ಮ ಕೈಯಲ್ಲಿರುತ್ತದೆ. ಅಡಿಕೆ ಸುಲಿಯಲು ಆಮೇಲೆ ಯಾರೂ ಬರುವುದಿಲ್ಲ.

ರಾಟ್‌ವೀಲರ್‌ಗೆ ಕಾವಲು ಕಲಿಸಬೇಕಾಗಿಯೇ ಇಲ್ಲ. ಜರ್ಮನಿಯ ರಾಟ್‌ವೈಲ್ ಊರಿನ ಕಟುಕರು, ದನದ ವ್ಯಾಪಾರಿಗಳು ದನ ಅಟ್ಟಲು, ದುಡ್ಡು ಕಾಯಲು ಇಟ್ಟುಕೊಂಡಿದ್ದ ನಾಯಿ ಇದು. ರೈಲು ಬಂದು ದನ ಅಟ್ಟುವ ಕೆಲಸ ನಿಂತ ಮೇಲೆ 1910ರಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ಪಡೆಯಿತು. ಗಡಿ ಕಾಯುವ ಬುದ್ಧಿ 14ರಿಂದ 24 ತಿಂಗಳ ನಡುವೆ ತಾನಾಗಿ ಬಲಿಯುತ್ತದೆ. ನೀವು ಕಲಿಸಬೇಕಾದ್ದು ಬೊಗಳಿದ ಮೇಲೆ ಸುಮ್ಮನಾಗುವುದನ್ನು, ಮನೆಯವರು ‘ಬನ್ನಿ’ ಅಂದವರನ್ನು ಬಿಡುವುದನ್ನು. ಮುಂದಿನ ಎರಡು ವರ್ಷದ ಕೆಲಸವೆಲ್ಲ ಇದೇ.

ಇದಕ್ಕೆ ನಿಮ್ಮ ಕೈಯಲ್ಲಿರುವ ಒಳ್ಳೆಯ ಕಾಲ ಇನ್ನು ಐದು ವಾರ ಮಾತ್ರ. ಮೂರರಿಂದ ಸುಮಾರು ಹದಿನಾಲ್ಕು ವಾರದೊಳಗೆ ಕಂಡಿದ್ದು ಮರಿಗೆ ‘ಮಾಮೂಲಿ’ ಆಗುತ್ತದೆ, ಕಾಣದಿದ್ದದ್ದು ಆಮೇಲೆ ಅನುಮಾನವಾಗುತ್ತದೆ. ಮಲೆನಾಡಿನಲ್ಲಿ ಇದನ್ನು ಸರಿಯಾಗಿ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಲುಂಗಿ, ಅಂಗಿ ತೊಟ್ಟು ಬರುವ ಅದೇ ಆಳು ಆಷಾಢದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರೆ ನಾಯಿಯ ಕಣ್ಣಿಗೆ ತಲೆಯೂ ಹೆಗಲೂ ಇಲ್ಲದ ಬೇರೆಯೇ ಒಂದು ಪ್ರಾಣಿ. ಗೊರಬು, ಹೆಲ್ಮೆಟ್, ಪ್ಲಾಸ್ಟಿಕ್ ರೇನ್‌ಕೋಟ್, ತಲೆ ಮೇಲೆ ಹುಲ್ಲಿನ ಹೊರೆ, ಹೆಗಲ ಮೇಲೆ ದೋಟಿ, ಕುಂಟುತ್ತಾ ನಡೆಯುವವರು, ಕೂಗಿ ಮಾತಾಡುವವರು, ಕಳೆ ಕತ್ತರಿಸುವ ಯಂತ್ರದ ಸದ್ದು ಇವೆಲ್ಲವನ್ನೂ ಈಗಲೇ ಒಂದೊಂದಾಗಿ ತೋರಿಸಿ. ದೂರದಿಂದ ಶುರು ಮಾಡಿ. ಮರಿ ನೋಡಿದ ಕೂಡಲೇ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ತುಂಡು ಬಾಯಿಗೆ ಕೊಡಿ. ಬಂದವರು ಮರಿಯನ್ನು ಮುಟ್ಟಬೇಕಿಲ್ಲ, ಮುದ್ದಾಡಬೇಕಿಲ್ಲ. ಅವರು ಅವರ ಪಾಡಿಗೆ ಇರಲಿ, ಮರಿ ಅದರ ಪಾಡಿಗೆ ಇರಲಿ, ಬೇಕಾದ್ದು ಅಷ್ಟೇ. ಬಾಲ ಕಾಲೊಳಗೆ ಹೋದರೆ, ತುಂಡು ತಿನ್ನದಿದ್ದರೆ ಹತ್ತಿರವಾಯಿತು ಎಂದರ್ಥ. ಇನ್ನೂ ಹಿಂದೆ ಬನ್ನಿ.

ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಅನ್ನುತ್ತಾರಲ್ಲ, ಇದು ಹೇಗೆ ಸಾಧ್ಯ ಎಂದು ಕೇಳಬಹುದು. ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗ ಈ ತಳಿಗೆ ಬೇರೆಯವಕ್ಕಿಂತ ಜೋರಾಗಿ ತಗಲುತ್ತದೆ, ಆದ್ದರಿಂದ ಪೇಟೆಯ ರಸ್ತೆ, ಬಸ್ ಸ್ಟ್ಯಾಂಡ್, ಪಶು ಆಸ್ಪತ್ರೆಯ ನೆಲಕ್ಕೆ ಇಳಿಸಲೇಬೇಡಿ. ಎತ್ತಿಕೊಂಡು ಅಥವಾ ಕಾರಿನಲ್ಲಿ ಕೂರಿಸಿಕೊಂಡು ತೋರಿಸಿ. ಬೇರೆ ನಾಯಿ ಬಾರದ ನಿಮ್ಮ ಅಂಗಳದಲ್ಲಿ ಓಡಾಡಿದರೆ ತೊಂದರೆಯಿಲ್ಲ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಒಟ್ಟಿಗಿರುವ ಲಸಿಕೆಯನ್ನು 3–4 ವಾರಕ್ಕೊಂದರಂತೆ ಹಾಕಿಸುತ್ತಾ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆಯೇ ಬೀಳುವಂತೆ ನೋಡಿಕೊಳ್ಳಿ. ತಾಯಿಯಿಂದ ಬಂದ ರಕ್ಷಣೆ ರಕ್ತದಲ್ಲಿ ಉಳಿದಿರುವಾಗ ಹಾಕಿದ ಲಸಿಕೆ ಹಿಡಿಯುವುದಿಲ್ಲ. ‘ಮೂರೂ ಹಾಕಿಸಿದ್ದೆವು, ಆದರೂ ಪಾರ್ವೊ ಬಂತು’ ಎನ್ನುವ ಮನೆಗಳಲ್ಲಿ ಕೊನೆಯ ಚುಚ್ಚುಮದ್ದು 12 ವಾರಕ್ಕೇ ಮುಗಿದಿರುವುದು ಸಾಮಾನ್ಯ. 12 ವಾರಕ್ಕೆ ರೇಬಿಸ್, ಆಮೇಲೆ ವರ್ಷಕ್ಕೊಮ್ಮೆ. ಗದ್ದೆ, ಹಳ್ಳ, ಇಲಿ ಇರುವ ಕಡೆ ಇಲಿಜ್ವರದ ಲಸಿಕೆಯನ್ನು ವರ್ಷಕ್ಕೊಮ್ಮೆ ತಪ್ಪಿಸಬೇಡಿ, ಅದು ನಾಯಿಯ ಮೂತ್ರದಿಂದ ಮನೆಯವರಿಗೂ ಅಂಟುತ್ತದೆ. ಜಂತುಹುಳದ ಔಷಧಿ 12 ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ತೂಕ ನೋಡಿಯೇ ಕೊಡಿ, ಈ ವಯಸ್ಸಿನಲ್ಲಿ ತೂಕ ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚೇ ಏರುತ್ತದೆ.

‘ಸಾಕು’ ಕಲಿಸುವುದು ಹೀಗೆ. ಮರಿ ಗೇಟಿನ ಕಡೆ ನೋಡಿ ಬೊಗಳಿತು ಅನ್ನಿ. ಎರಡು ಮೂರು ಸಲ ಬೊಗಳಲು ಬಿಡಿ, ಅದು ಅದರ ಕೆಲಸ. ನೀವೂ ಹೋಗಿ ಆ ಕಡೆ ನೋಡಿ. ಆಮೇಲೆ ಸಣ್ಣ ದನಿಯಲ್ಲಿ ‘ಸಾಕು’ ಎಂದು ಮೂಗಿನ ಮುಂದೆ ತುಂಡು ಹಿಡಿಯಿರಿ. ಮೂಸಲು ಬಾಯಿ ಮುಚ್ಚಲೇಬೇಕು. ಮುಚ್ಚಿದ ಕೂಡಲೇ ಕೊಡಿ. ಎರಡನೇ ವಾರ ಎರಡು ಸೆಕೆಂಡ್ ಸುಮ್ಮನಿದ್ದ ಮೇಲೆ, ಮೂರನೇ ವಾರ ಐದು ಸೆಕೆಂಡಿನ ಮೇಲೆ. ನಂತರ ಜಗಲಿಯ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿ, ‘ಜಾಗಕ್ಕೆ’ ಅಂದರೆ ಅಲ್ಲಿ ಹೋಗಿ ಮಲಗುವುದನ್ನು ಜೋಡಿಸಿ. ಬೊಗಳು, ಸಾಕು, ಜಾಗಕ್ಕೆ ಎಂಬ ಸರಪಣಿ ಎಂಟು ತಿಂಗಳೊಳಗೆ ಗಟ್ಟಿಯಾಗಬೇಕು. ಮನೆಯವರೆಲ್ಲ ಇದೇ ಮಾತು ಬಳಸಲಿ. ನೀವು ‘ಸಾಕು’, ಅಮ್ಮ ‘ಸುಮ್ನಿರೊ’, ಮಗಳು ‘ನೋ’ ಅಂದರೆ ಮರಿಗೆ ಅವು ಮೂರು ಬೇರೆ ಸದ್ದು. ಕೂಗಾಡಿ ಸುಮ್ಮನಾಗಿಸಲು ಹೋಗಬೇಡಿ. ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದು ತಿಳಿಯುತ್ತದೆ.

ಗುರುಗುಟ್ಟಿತೆಂದು ಹೊಡೆಯಲೇಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಹೊಡೆತ ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಬಾಯಿ ಹಾಕುತ್ತದೆ. ಊಟದ ತಟ್ಟೆ ಕಿತ್ತುಕೊಂಡು ‘ಯಜಮಾನಿಕೆ’ ತೋರಿಸುವ ಚಾಳಿಯೂ ಹಾಗೆಯೇ ಕೆಡಿಸುತ್ತದೆ. ಉಣ್ಣುವಾಗ ಹತ್ತಿರ ಹೋಗಿ ಇನ್ನೂ ರುಚಿಯಾದ ಒಂದು ತುಂಡು ತಟ್ಟೆಗೆ ಹಾಕಿ ಬನ್ನಿ. ಹತ್ತಿರ ಬರುವ ಕೈ ಕೊಡುವ ಕೈ ಎಂದು ಅದಕ್ಕೆ ಗೊತ್ತಾಗಲಿ. ಅಂದಹಾಗೆ, ರಾಟ್‌ವೀಲರ್‌ಗಳಲ್ಲಿ ಹಲವು ಮುದ್ದಿಸಿಕೊಳ್ಳುವಾಗಲೂ ಗಂಟಲಲ್ಲಿ ಒಂದು ಗುರುಗುರು ಮಾಡುತ್ತವೆ. ಆಗ ಮೈ ಸಡಿಲವಾಗಿ ನಿಮ್ಮ ಕಾಲಿಗೆ ಒರಗಿರುತ್ತದೆ. ಎಚ್ಚರಿಕೆಯ ಗುರ್‌ನಲ್ಲಿ ಮೈ ಕಲ್ಲಾಗಿರುತ್ತದೆ, ಕಣ್ಣು ರೆಪ್ಪೆ ಹೊಡೆಯುವುದಿಲ್ಲ. ವ್ಯತ್ಯಾಸವನ್ನು ಮಗಳಿಗೂ ತೋರಿಸಿಕೊಡಿ.

ನಿಮ್ಮ ಮನೆಯಲ್ಲಿ ನನಗೆ ಕಚ್ಚುವುದಕ್ಕಿಂತ ಹೆಚ್ಚು ಚಿಂತೆ ಗುದ್ದುವುದರದ್ದು. ದನ ಅಟ್ಟುವ ತಳಿಯಾದ್ದರಿಂದ ಇದು ಭುಜದಿಂದ, ಸೊಂಟದಿಂದ ತಳ್ಳುತ್ತದೆ. ಸಿಟ್ಟಿನಿಂದಲ್ಲ, ಖುಷಿಯಿಂದಲೇ. ಪಾಚಿ ಕಟ್ಟಿದ ಅಂಗಳದಲ್ಲಿ 40 ಕೆ.ಜಿ.ಯ ಮರಿ ಓಡಿಬಂದು ಅಮ್ಮನ ಮಂಡಿಗೆ ತಾಗಿದರೆ ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತು, ಮುದ್ದು, ಊಟ ಎಂಬ ನಿಯಮವನ್ನು ಇವತ್ತೇ ಶುರು ಮಾಡಿ. 8 ಕೆ.ಜಿ. ಇದ್ದಾಗ ಹಾರಿ ಮೈಮೇಲೆ ಬಂದರೆ ನಗುವವರು, 40 ಆದಾಗ ಬಯ್ಯುವಂತಿಲ್ಲ. ಮಗಳನ್ನೂ ನಾಯಿಯನ್ನೂ ಒಂದು ನಿಮಿಷವೂ ಇಬ್ಬರನ್ನೇ ಬಿಡಬೇಡಿ. ಅಡುಗೆಮನೆಗೆ ಹೋಗುವಾಗ ಒಬ್ಬರು ನಿಮ್ಮ ಜೊತೆ ಬರಲಿ. ಕೊಟ್ಟಿಗೆಗೆ ಮೊದಲ ವರ್ಷ ಕೈಯಲ್ಲಿ ಹಗ್ಗ ಹಿಡಿದೇ ಕರೆದೊಯ್ಯಿರಿ, ಕರುಗಳನ್ನು ಅಟ್ಟಿಸುವ ರುಚಿ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ.

ಇನ್ನು ಊಟ. ಕ್ಯಾಲ್ಸಿಯಂ ಟಾನಿಕ್ ನಿಲ್ಲಿಸಿ. ದೊಡ್ಡ ತಳಿಯ ಎಳೆ ಮರಿಯ ಕರುಳಿಗೆ, ಮುಖ್ಯವಾಗಿ ಮೊದಲ ಆರು ತಿಂಗಳು, ಹೆಚ್ಚಿನ ಕ್ಯಾಲ್ಸಿಯಂ ಬೇಡ ಅನ್ನುವ ಶಕ್ತಿ ಇಲ್ಲ. ಬಂದದ್ದನ್ನೆಲ್ಲ ಹೀರುತ್ತದೆ, ಎಲುಬಿನ ತುದಿಯ ಮೆದುಭಾಗ ಸರಿಯಾಗಿ ಮೂಳೆಯಾಗುವುದಿಲ್ಲ, ಮುಂಗಾಲು ಸೊಟ್ಟಗಾಗುತ್ತದೆ. ಸೊಟ್ಟ ಕಾಲು ಕಂಡು ಇನ್ನೂ ಟಾನಿಕ್ ಸುರಿಯುವವರಿದ್ದಾರೆ! ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದು ಬರೆದ ಆಹಾರ ಕೊಂಡು, ಚೀಲದ ಹಿಂದೆ ಕ್ಯಾಲ್ಸಿಯಂ ಶೇ. 1ರಿಂದ 1.5ರ ಒಳಗಿದೆಯೇ ನೋಡಿ. ಅದನ್ನು ಕೊಡುತ್ತಿದ್ದರೆ ಬೇರೇನೂ ಬೇಡ. ಬರೀ ಅನ್ನ, ಕೋಳಿ, ಮೊಸರು ಹಾಕಿ ಬೆಳೆಸಿದರೆ ಉಲ್ಟಾ ತೊಂದರೆ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ 15 ತಿಂಗಳು ಮನೆಯೂಟ ಒಟ್ಟು ಊಟದ ಹತ್ತರಲ್ಲಿ ಒಂದು ಪಾಲು ದಾಟದಿರಲಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಜೀವನಪೂರ್ತಿ ಎರಡು ಸಲ. ಎಷ್ಟು ಎನ್ನುವುದಕ್ಕೆ ಚೀಲದ ಮೇಲಿನ ಪಟ್ಟಿಗಿಂತ ನಿಮ್ಮ ಬೆರಳು ಮುಖ್ಯ. ಪಕ್ಕೆಯ ಮೇಲೆ ಕೈಯಾಡಿಸಿದರೆ, ಒತ್ತದೆಯೇ ಪಕ್ಕೆಲುಬು ಎಣಿಸಲು ಬರಬೇಕು. ಕಣ್ಣಿಗೆ ಕಾಣಬಾರದು. ಒತ್ತಿ ಹುಡುಕಬೇಕಾಯಿತೆಂದರೆ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿ. ಗಂಡು ಮರಿ ಸುಮಾರಾಗಿ ನಾಲ್ಕು ತಿಂಗಳಿಗೆ 18–22 ಕೆ.ಜಿ., ಆರು ತಿಂಗಳಿಗೆ 30–35, ವರ್ಷಕ್ಕೆ 42–48 ಆಗುತ್ತದೆ. ‘ನಮ್ಮದು ಆರು ತಿಂಗಳಿಗೇ 45’ ಎನ್ನುವುದು ಹೆಮ್ಮೆಯ ಮಾತಲ್ಲ, ಆ ಭಾರ ಇನ್ನೂ ಹಣ್ಣಾಗದ ಕೀಲಿನ ಮೇಲೆ ಕೂತಿದೆ. ಬೆಳೆದ ಮೇಲೆ 45 ಕೆ.ಜಿ. ನಾಯಿಗೆ ದಿನಕ್ಕೆ 500–600 ಗ್ರಾಂ ಒಣ ಆಹಾರ, ಎರಡೂವರೆ ಲೀಟರ್ ನೀರು ಬೇಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಬೇಡ. ಪಾಯಸದ ತಟ್ಟೆ ನೆಕ್ಕಲು ಕೊಡುವ ಮೊದಲು ಒಣದ್ರಾಕ್ಷಿ ನೆನಪಿರಲಿ.

ಕೀಲಿನ ವಿಷಯಕ್ಕೆ ಬಂದೆವಾದ್ದರಿಂದ ನೆಲದ ಮಾತನ್ನೂ ಮುಗಿಸುತ್ತೇನೆ. ನಿಮ್ಮದು ಹಳೇ ಮನೆಯಾದರೆ ಉಜ್ಜಿ ಉಜ್ಜಿ ಕನ್ನಡಿಯಾದ ಕೆಂಪು ಗಾರೆ ನೆಲ, ಹೊಸದಾದರೆ ಟೈಲ್ಸ್. ಎರಡರ ಮೇಲೂ ಮರಿಯ ಹಿಂಗಾಲು ಜಾರಿ ಅಗಲವಾಗುತ್ತದೆ. ಓಡಾಡುವ ದಾರಿಗೆ ಗೋಣಿ ಅಥವಾ ತೆಂಗಿನ ನಾರಿನ ಚಾಪೆ ಹಾಸಿ. ಅಟ್ಟದ ಮೆಟ್ಟಿಲಿಗೆ ಅಡ್ಡ ಇಡಿ. ನಾರ್ವೆಯಲ್ಲಿ ದೊಡ್ಡ ತಳಿಗಳ ಮೇಲೆ ನಡೆದ ಅಧ್ಯಯನದಲ್ಲಿ ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷ ಹೆಚ್ಚು ಬಂದಿತ್ತು, ಮೆತ್ತನೆಯ ಏರುತಗ್ಗು ನೆಲದಲ್ಲಿ ಇಷ್ಟಬಂದಂತೆ ಓಡಾಡಿದವಕ್ಕೆ ಕಡಿಮೆ. ತೋಟದ ನೆಲ ಎರಡನೆಯ ಬಗೆಯದು, ನಿಮಗೆ ಅನುಕೂಲ. ಅಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷ ಬಿಡಿ, ಸಾಕಾದಾಗ ತಾನೇ ಕೂರುತ್ತದೆ. ಬೈಕಿನ ಹಿಂದೆ ಓಡಿಸುವುದು, ಎತ್ತರಕ್ಕೆ ಹಾರಿಸುವುದು 18 ತಿಂಗಳವರೆಗೆ ಬೇಡ.

ತೋಟದಲ್ಲಿ ಬೇರೆ ಅಪಾಯಗಳಿವೆ. ಮರಿ ಕೆಳಗೆ ಬಿದ್ದ ಅಡಿಕೆ ಕಚ್ಚುತ್ತದೆ. ಅದರಲ್ಲಿರುವ ಅರೆಕೊಲಿನ್ ಅನ್ನು ಒಂದು ಕಾಲದಲ್ಲಿ ನಾಯಿಯ ಲಾಡಿಹುಳು ಬೀಳಿಸುವ ಔಷಧಿಯಾಗಿ ಕೊಡುತ್ತಿದ್ದರು, ಅಂದರೆ ಕರುಳನ್ನು ಅಷ್ಟು ಜೋರಾಗಿ ಹಿಂಡುತ್ತದೆ. ಜೊಲ್ಲು ಸುರಿದು, ವಾಂತಿ ಭೇದಿಯಾದರೆ ಬಾಯಲ್ಲಿ ಅಡಿಕೆ ಇತ್ತೇ ಎಂದು ವೈದ್ಯರಿಗೆ ಹೇಳಿ. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀಲಿ ನೀರು ಮೈಲುತುತ್ತದ ನೀರು, ಕುಡಿದರೆ ವಿಷ. ಔಷಧಿ ಹೊಡೆಯುವ ದಿನ ನಾಯಿ ಒಳಗಿರಲಿ. ಇಲಿ ಪಾಷಾಣ, ಬಸವನಹುಳಕ್ಕೆ ಇಡುವ ಔಷಧಿ ಎರಡೂ ಕೊಲ್ಲುತ್ತವೆ, ತೋಟದಲ್ಲಿ ಇಡಲೇಬೇಡಿ. ಜ್ವರಕ್ಕೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ನಾಯಿಗೆ ಕೊಡಬೇಡಿ.

ಉಣುಗಿನ ಮಾತು ನಿಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ನಿಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕಾಡಂಚಿನಲ್ಲಿ ತಿರುಗಿ ಬಂದ ನಾಯಿ ಉಣುಗನ್ನು ಜಗಲಿಗೆ ಹೊತ್ತು ತರುತ್ತದೆ, ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಬಿಡದಿರುವುದು ಮನೆಯವರಿಗೂ ಒಳ್ಳೆಯದು. ನಾಯಿಗೆ ಬರುವ ಉಣುಗಿನ ಜ್ವರಗಳು ಎರ್ಲಿಕಿಯಾ ಮತ್ತು ಬೆಬೀಸಿಯಾ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಮೂಗಿನಲ್ಲಿ ರಕ್ತ ಬಂದರೂ ಅಷ್ಟೇ. ಮಳೆಗಾಲದಲ್ಲಿ ಒಂದೇ ಹೊಳ್ಳೆಯಿಂದ ಬರುತ್ತಿದ್ದರೆ ಒಳಗೆ ಇಂಬಳ (ಜಿಗಣೆ) ಹೊಕ್ಕಿರಲೂಬಹುದು, ಉಪ್ಪು ಸುರಿಯದೆ ವೈದ್ಯರಿಂದಲೇ ತೆಗೆಸಿ. ತಡೆಗೆ ಫ್ಲುರಾಲನರ್ ಮಾತ್ರೆ 12 ವಾರಕ್ಕೊಂದು, ಅಫಾಕ್ಸೊಲನರ್ ಆದರೆ ತಿಂಗಳಿಗೊಂದು, ಎರಡೂ ತೂಕಕ್ಕೆ ತಕ್ಕ ಅಳತೆಯವು. ಇವು ಉಣುಗು ಕಚ್ಚಿದ ಮೇಲೆ ಕೊಲ್ಲುತ್ತವೆ, ಆದ್ದರಿಂದ ಸಂಜೆ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡುವುದು ತಪ್ಪುವುದಿಲ್ಲ. ದನಕ್ಕೆ ಹೊಡೆಯುವ ಉಣುಗಿನ ಔಷಧಿಯನ್ನು ಅಂದಾಜಿಗೆ ಕಲಸಿ ನಾಯಿಗೆ ಮೀಯಿಸಬೇಡಿ. ನೆಕ್ಕಿಕೊಂಡು ನಡುಗಿ ಬೀಳುತ್ತವೆ.

ಜಾಗದ ವ್ಯವಸ್ಥೆ: ಮನೆಗೆ ತಾಗಿದಂತೆ 10×12 ಅಡಿಯ, ಮೇಲೂ ಕಬ್ಬಿಣದ ಜಾಲರಿ ಇರುವ ಗೂಡು. ಒಳಗೆ ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ. ಹಸಿ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ದಡ್ಡುಗಟ್ಟಿ ಹುಣ್ಣಾಗುತ್ತದೆ, ಮಳೆಗಾಲದಲ್ಲಿ ಕಿವಿ, ಚರ್ಮಕ್ಕೆ ಬೂಸು ಹಿಡಿಯುತ್ತದೆ. ಕಪ್ಪು ಮೈ ಬಿಸಿಲು ಹೀರುವುದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಓಡಾಟ ಬೆಳಗ್ಗೆ ಏಳರೊಳಗೆ ಮುಗಿಯಲಿ. ಮೇಲಿನ ಜಾಲರಿ ಚಿರತೆಗಾಗಿ. ಸರಪಳಿಯಲ್ಲಿ ಕಟ್ಟಿದ ನಾಯಿ ಎಷ್ಟೇ ದೊಡ್ಡದಿರಲಿ, ಚಿರತೆಗೆ ಕಟ್ಟಿಟ್ಟ ಊಟ. ರಾತ್ರಿ ತೋಟಕ್ಕೆ ಬಿಡುವ ಆಲೋಚನೆಯನ್ನೂ ಬಿಡಿ. ಒಣಹಾಕಿದ ಅಡಿಕೆ ಅಂಗಳ ಕಾಣುವಂತೆ ಗೂಡಿನ ಬಾಯಿ ಇರಲಿ. ಕಳ್ಳನಿಗೆ ಬೇಕಾದ್ದು ಸದ್ದಿಲ್ಲದ ಹತ್ತು ನಿಮಿಷ, ಅದನ್ನು ತಪ್ಪಿಸಲು ಗೂಡಿನೊಳಗಿಂದ ಬೊಗಳಿದರೂ ಆಯಿತು. ಅಂಗಳದ ಸುತ್ತ 5–6 ಅಡಿ ಬೇಲಿ ಬೇಕು. ಗಳು ಸರಿಸಿ ದಾಟುವ ಉಣಗೋಲು, ದಣಪೆ ಇದಕ್ಕೆ ಸಾಲದು. ತಾನೇ ಮುಚ್ಚಿಕೊಳ್ಳುವ ಗೇಟು, ಮಗಳ ಕೈಗೆಟುಕದ ಚಿಲಕ, ಹೊರಗಡೆ ಗಂಟೆ, ‘ನಾಯಿ ಇದೆ, ಗಂಟೆ ಬಾರಿಸಿ’ ಎಂಬ ಬೋರ್ಡು. ಆಳುಗಳು ಬರುವ ಹೊತ್ತಿಗೆ ನಾಯಿ ಗೂಡಿನಲ್ಲಿರಲಿ.

ಕಾನೂನು: ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಟ್‌ವೀಲರ್ ಸೇರಿ 23 ತಳಿಗಳನ್ನು ತಡೆಯಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಅದೇ ವರ್ಷ ಏಪ್ರಿಲ್ 10ರಂದು ರದ್ದು ಮಾಡಿತು. ನೀವು ಕೇಳಿದ್ದು ಆ ಸುತ್ತೋಲೆಯ ಸುದ್ದಿ. ಆದರೆ ನಿರ್ಲಕ್ಷ್ಯದಿಂದ ನಾಯಿ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಗೇಟಿನ ಚಿಲಕಕ್ಕೆ ಖರ್ಚು ಮಾಡಿ ಎಂದದ್ದು ಅದಕ್ಕೇ. ಬಾಲ ಕತ್ತರಿಸಬೇಡಿ. ತಳಿಯ ತವರು ಜರ್ಮನಿಯಲ್ಲೇ ಅದು ನಿಷಿದ್ಧ, ತಳಿಯ ಮಾನದಂಡವೂ ಬಾಲ ಸಹಜವಾಗಿಯೇ ಇರಲಿ ಎನ್ನುತ್ತದೆ. ಸಂತಾನಹರಣವನ್ನು ಒಂದು ವರ್ಷದೊಳಗೆ ಮಾಡಿಸಿದ ರಾಟ್‌ವೀಲರ್‌ಗಳಲ್ಲಿ ಮೂಳೆ ಕ್ಯಾನ್ಸರ್ ಹೆಚ್ಚು ಕಂಡಿರುವುದರಿಂದ 18–24 ತಿಂಗಳವರೆಗೆ ಕಾಯಿರಿ.

ಆಗ ಅದೇ ಅರಿವಳಿಕೆಯಲ್ಲಿ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಸಲು ಆಗುತ್ತದೆಯೇ ಕೇಳಿ. ಎದೆ ಆಳವಿರುವ ಇಂಥ ತಳಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ಆ ಹೊಲಿಗೆ ಇದ್ದರೆ ತಿರುಚಿಕೊಳ್ಳುವುದು ತೀರಾ ಅಪರೂಪ. ಲಕ್ಷಣ ಹೀಗೆ: ವಾಂತಿ ಮಾಡಲು ಒಕ್ಕರಿಸುತ್ತದೆ, ಏನೂ ಬರುವುದಿಲ್ಲ, ಬರೀ ನೊರೆ. ಕೂರಲಾಗದೆ ಅತ್ತಿತ್ತ ತಿರುಗುತ್ತದೆ, ಪಕ್ಕೆಯ ಹಿಂದಿನ ಹೊಟ್ಟೆ ತಟ್ಟಿದರೆ ಡೋಲಿನಂತೆ ಸದ್ದಾಗುತ್ತದೆ. ಓಮದ ನೀರು, ಅಡುಗೆ ಸೋಡಾ ಕುಡಿಸಿ ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯುವುದಿಲ್ಲ. ಉಂಡ ಮೇಲೆ ಒಂದು ಗಂಟೆ ಓಡಿಸದಿರುವುದು ಒಳ್ಳೆಯ ಅಭ್ಯಾಸ, ಆದರೆ ಅದೊಂದೇ ಕಾಯುತ್ತದೆ ಎಂದು ನಂಬಬೇಡಿ. ನಿಮ್ಮಲ್ಲಿಂದ ಶಿವಮೊಗ್ಗ ಸುಮಾರು 60 ಕಿ.ಮೀ. ಅಲ್ಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಮತ್ತು ಖಾಸಗಿ ವೈದ್ಯರಲ್ಲಿ ರಾತ್ರಿ ಇಂಥ ಶಸ್ತ್ರಚಿಕಿತ್ಸೆಗೆ ಯಾರು ಸಿಗುತ್ತಾರೆ ಎಂದು ಈಗಲೇ ವಿಚಾರಿಸಿ, ನಂಬರನ್ನು ಗೋಡೆಗೆ ಅಂಟಿಸಿಡಿ. 45 ಕೆ.ಜಿ. ನಾಯಿಯನ್ನು ಕಾರಿಗೆ ಹತ್ತಿಸಲು ಇಬ್ಬರು ಬೇಕು, ಒಂದು ಗಟ್ಟಿ ಕಂಬಳಿ ಬೇಕು. ಮಳೆಗಾಲದ ರಾತ್ರಿ ಆ ಎರಡನೆಯವರು ಯಾರೆಂಬುದನ್ನೂ ಮೊದಲೇ ಮಾತಾಡಿಟ್ಟುಕೊಳ್ಳಿ.